ಕರಿ ಟೈ ಬಿಚ್ಚಿಸಿದ ಪಿಂಪಾ

ಗಡಿನಾಡಿನ ಚಿಯಾಂಗ್ ರಾಯ್ ಪಟ್ಟಣದಲ್ಲಿ ಕಾನೂನು ಪಾಠ ಹೇಳುವ ಪಿಂಪಾ ಹುಟ್ಟಿದ್ದು ಗುಡ್ಡದ ಮೇಲಿನ ಲಾಹು ಬುಡಕಟ್ಟಿನ ಹಟ್ಟಿಯಲ್ಲಿ. ಇಪ್ಪತ್ತು ತುಂಬುವವರೆಗೂ ಅವಳಿಗೆ ದೇಶದ ಗುರುತಿನ ಚೀಟಿ ಇರಲಿಲ್ಲ. ಅದಕ್ಕೇ ವರ್ಷವರ್ಷವೂ ತನ್ನ ವಿದ್ಯಾರ್ಥಿಗಳನ್ನು ಗುಡ್ಡ ಹತ್ತಿಸಿ, ಚೀಟಿಯಿಲ್ಲದವರ ಅರ್ಜಿ ಬರೆಸುವುದನ್ನು ವ್ರತದಂತೆ ಹಿಡಿದಿದ್ದಳು.

ಈ ಸಲ ನಾಶೀ ಎಂಬ ಮುದುಕಿಯ ಸರದಿ. ಕಾಲೇಜಿನ ಸಮವಸ್ತ್ರದ ಬಿಳಿ ಅಂಗಿ, ಕರಿ ಟೈ ತೊಟ್ಟ ವಿದ್ಯಾರ್ಥಿ ಥನೋಂಗ್ ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದ. ಅಜ್ಜಿ ನೆಲದ ಮೇಲೆ ಕೈಮುಗಿದು ಕೂತು ಎಲ್ಲದಕ್ಕೂ ಹೂಂಗುಟ್ಟುತ್ತಿದ್ದಳು.

"ಗಡಿಯಾಚೆ ಹುಟ್ಟಿದ್ದಾ ಅಜ್ಜಿ?"

"ಹೂಂ ಸಾಹೇಬ್ರೆ."

ಥನೋಂಗ್ ಅದನ್ನೇ ಬರೆದುಕೊಂಡ. ಪಿಂಪಾ ಹಾಳೆ ಕಿತ್ತುಕೊಂಡು ಪರಪರ ಹರಿದಳು.

"ಗಡಿಯಾಚೆ ಹುಟ್ಟಿದೋಳು ಅಂತ ಬರೆದುಕೊಟ್ಟಿದ್ರೆ ಅಜ್ಜಿಗೆ ಈ ಜನ್ಮದಲ್ಲಿ ಚೀಟಿ ಸಿಗ್ತಿರ್ಲಿಲ್ಲ ಕಣೋ!"

"ಅವರೇ ಹೇಳಿದ್ದು ಟೀಚರ್..."

"ಹೇಳಿದ್ದು ನಿನ್ನ ಟೈಗೆ! ಸರ್ಕಾರಿ ಆಫೀಸಿನೋನು ಅಂದ್ಕೊಂಡಿದಾಳೆ. ಅಂಥೋರ ಮುಂದೆ 'ಇಲ್ಲ' ಅಂದು ನಮ್ಮೋರಿಗೆ ಅಭ್ಯಾಸ ಇಲ್ಲ. ಬಿಚ್ಚು ಅದನ್ನ. ಕೆಳಗೆ ಕೂತು ಅಜ್ಜಿ ಬುಟ್ಟೀಲಿರೋ ಬೆಳ್ಳುಳ್ಳಿ ಸುಲಿ."

ಅವನು ಸುಲಿಯುವ ಚೆಂದ ನೋಡಿ ಅಜ್ಜಿಗೆ ನಗು ತಡೆಯಲಾಗಲಿಲ್ಲ. "ಸಿಪ್ಪೆ ಜೊತೆ ಬೆಳ್ಳುಳ್ಳೀನೂ ಎಸೀತಿದೀಯಲ್ಲೋ ಮಗಾ! ನಿಮ್ಮವ್ವ ಏನೂ ಕಲಿಸ್ಲಿಲ್ವಾ?"

ಬುಟ್ಟಿ ಅರ್ಧವಾಗುವಷ್ಟರಲ್ಲಿ ಮಾತು ತಾನಾಗಿ ಹರಿಯಿತು. ಅವಳು ಹುಟ್ಟಿದ್ದು ಗಡಿಯಾಚೆಯಲ್ಲ, ಇದೇ ಹಟ್ಟಿಯ ಜೋಳದ ಹೊಲದಲ್ಲಿ. ಅಂದು ಬಾಣಂತಿಗೆ ನೀರು ಕಾಯಿಸಿದ ಅವಳಕ್ಕ ಇಂದಿಗೂ ಪಕ್ಕದ ಮನೆಯಲ್ಲೇ ಇದ್ದಾಳೆ.

ಥನೋಂಗ್ ಕೈ ಒರೆಸಿಕೊಂಡು ಹೊಸ ಹಾಳೆ ತೆಗೆದ. ಕುರ್ಚಿ ಖಾಲಿಯಿತ್ತು. ಅವನು ಅತ್ತ ನೋಡದೆ, ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ:

"ಅಕ್ಕನ ಹೆಸರೇನಜ್ಜಿ? ಅವರೇ ನಮ್ಮ ಸಾಕ್ಷಿ."