ಆಯುಧಪೂಜೆಗೆ ಮಿಂದ ಕಾಲಂ

ಸೋಮನಹಳ್ಳಿಯ ಪಶು ಆಹಾರ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಕೆಲಸ. ಹಸುವಿನ ಆಹಾರಕ್ಕೆ ಬೆರೆಸುವ ಕೋಲಿನ್, ಬೀಟೈನ್ ಎಂಬ ಎರಡು ವಸ್ತುಗಳನ್ನು ಬೇರೆ ಮಾಡಿ ಅಳೆಯಬೇಕು. ಅದಕ್ಕೊಂದು ಕಾಲಂ, ಅಂದರೆ ನುಣ್ಣನೆ ಪುಡಿ ತುಂಬಿದ ಗೇಣುದ್ದದ ಉಕ್ಕಿನ ಕೊಳವೆ. ಈ ತುದಿಯಲ್ಲಿ ಬೆರಕೆ ಹೋದರೆ ಆ ತುದಿಯಲ್ಲಿ ಒಂದೊಂದಾಗಿ ಹೊರಬಂದು, ಪರದೆಯ ಮೇಲೆ ಎರಡು ಗುಡ್ಡ ಮೂಡಬೇಕು.

ಹಳೇ ಕಾಲಂನ ಪುಡಿಗೆ ಜಿಡ್ಡಿನ ಗುಣ. ಇವೆರಡೋ ವಿದ್ಯುದಂಶ ಹೊತ್ತ, ನೀರೆಂದರೆ ಪ್ರಾಣ ಬಿಡುವ ಜಾತಿ. ಜಿಡ್ಡಿನತ್ತ ತಿರುಗಿಯೂ ನೋಡದೆ ಜೋಡಿಯಾಗಿ ಓಡಿಬಂದು ಒಂದೇ ಗುಡ್ಡವಾಗುತ್ತಿದ್ದವು. ನೀರನ್ನು ಮೈಗೆ ಅಂಟಿಸಿಕೊಳ್ಳುವ ಪುಡಿಯ ಕಾಲಂ ಬೇಕೆಂದು ಯಜಮಾನರನ್ನು ಆರು ತಿಂಗಳು ಕಾಡಿದೆ.

"ತರಿಸ್ಕೊಡ್ತೀನಿ. ಬ್ಯಾರೆ ಆಗ್ನಿಲ್ಲ ಅಂದ್ರೆ ನೀನು ಚೀಲ ಹೊಲಿಯಕ್ಕೆ ಓಗ್ಬೇಕು ಕಣಯ್ಯ" ಎಂದರು.

ಅದು ಬಂದದ್ದು ಆಯುಧಪೂಜೆಯ ದಿನ. ಅಂದು ಟ್ರ್ಯಾಕ್ಟರಿನಿಂದ ಕುಡುಗೋಲಿನವರೆಗೆ ಎಲ್ಲಕ್ಕೂ ಸ್ನಾನ. ಹೊಸಬನನ್ನು ಬಿಡಲಾದೀತೇ? ಮಿಷಿನ್ನಿಗೆ ಸಿಕ್ಕಿಸಿ ಒಂದು ಗಂಟೆ ಬರೀ ನೀರು ಹರಿಸಿದೆ. ಅರಿಸಿನ ಕುಂಕುಮ ಇಟ್ಟು ಚೆಂಡುಹೂ ಸುತ್ತಿದೆ. ಭಕ್ತಿಯಲ್ಲಿ ಅಂದು ನನ್ನನ್ನು ಮೀರಿಸುವವರಿರಲಿಲ್ಲ.

ರಜೆ ಮುಗಿದ ಮೇಲೆ ಯಜಮಾನರು ಪರದೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಬೆರಕೆಯನ್ನು ಹೊತ್ತೊಯ್ಯುವ ದ್ರಾವಣವನ್ನು ಐದು ನಿಮಿಷ ಹರಿಸಿ, ಬೆರಕೆ ಹಾಕಿದೆ. ಒಂದೇ ಗುಡ್ಡ. ಇನ್ನೊಮ್ಮೆ ಹಾಕಿದೆ. ಒಂದೇ ಗುಡ್ಡ.

"ಸೂಜಿ ದಾರ ಕೊಡುಸ್ಲಾ?" ಎಂದರು.

ಹಲಗೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಲ್ಯಾಬಿನ ಹಿರಿಯಕ್ಕ ಪೂಜೆಯ ಕಡ್ಲೆಪುರಿ ಎತ್ತುತ್ತಿದ್ದರು. ಪುರಿಯ ಕೆಳಗಿದ್ದ ಕಾಗದವನ್ನು ಕೊಡವಿ ಓದಿದರು. ಕಾಲಂ ಜೊತೆ ಬಂದಿದ್ದ ಸೂಚನೆಗಳ ಕಾಗದ! ಅದರ ಮೇಲೆ ಪುರಿ ಸುರಿದವನೂ ನಾನೇ.

"ಬರೀ ನೀರು ಬುಡಬ್ಯಾಡಿ ಅಂತ ಬರ್ದವ್ರಲ್ಲಪ್ಪ! ಬುಟ್ರೆ ಪುಡಿ ಮೇಲಿನ ತೆಳ್ಳನೆ ನೀರಿನ ಪದ್ರ ಕೆಟ್ಟೋಯ್ತದಂತೆ, ಅದು ಮತ್ತೆ ಕೂರಕ್ಕೆ ಗಂಟೆಗಟ್ಲೆ ಅಸಿಟೊನೈಟ್ರೈಲ್ ಅನ್ನೋ ದ್ರಾವಕ ಜಾಸ್ತಿ ಇರೋ ದ್ರಾವಣ ಅರಿಸ್ಬೇಕಂತೆ. ಪುರಿ ಸುರಿಯಕ್ಕೆ ಮುಂಚೆ ಓದಬಾರ್ದಾಗಿತ್ತಾ?"

ಮಧ್ಯಾಹ್ನದವರೆಗೂ ಹರಿಸಿದೆವು. ಯಜಮಾನರು ಉಳಿದ ಪುರಿ ಮುಗಿಸಿ ಕುರ್ಚಿಯಲ್ಲೇ ಗೊರಕೆ ಹೊಡೆದರು. ನಾನು ಕೈಮುಗಿದು ಬೆರಕೆ ಹಾಕಿದೆ. ಒಂದು ಗುಡ್ಡ ಎದ್ದಿತು. ಗೆರೆ ಪೂರ್ತಿ ಕೆಳಗಿಳಿಯಿತು. ಆಮೇಲೆ ಇನ್ನೊಂದು! ನಾನು ಕಿರುಚಿದ್ದಕ್ಕೆ ಯಜಮಾನರು ಬೆಚ್ಚಿ ಎದ್ದು, ಪರದೆಗೆ ಬೆರಳಿಟ್ಟು ಎರಡು ಸಲ ಎಣಿಸಿದರು.

"ಸರಿ ಬುಡು. ಚೀಲ ಹೊಲಿಯಕ್ಕೆ ಬ್ಯಾರೆಯವ್ರನ್ನ ನೋಡ್ತೀನಿ."

ಸಂತೋಷಕ್ಕೆ ನಿಜವಾಗಿಯೂ ಅಳು ಬಂತು. ಈಗ ಆಯುಧಪೂಜೆ ಬಂದರೆ ಅಕ್ಕ ಬೆಳಗ್ಗೆಯೇ ನನ್ನ ಕೈಗೆ ಬಕೆಟ್ ಕೊಟ್ಟು, ಕಿಟಕಿ ತೊಳೆಯಲು ಕಳಿಸುತ್ತಾರೆ.