ಎಡಕ್ಕೆ ಹೊಲಿದ ಗುಂಡಿಗಳು

ಟೇಲರ್ ಮಾಸ್ತರರ ಕುತ್ತಿಗೆಯ ಹಿಂದೆ ಬೆರಳಗಲದ ಒಂದು ಬಿಳಿ ಪಟ್ಟಿ ಇತ್ತು. ಉಳಿದ ಮೈಯೆಲ್ಲ ಕಪ್ಪು. ಅಂಗಡಿ ಪೂರ್ವಕ್ಕೆ ಬಾಯಿ ತೆರೆದಿತ್ತು. ಅವರು ರಸ್ತೆಗೆ ಬೆನ್ನು ಹಾಕಿ ಮಷೀನು ತುಳಿಯುತ್ತಿದ್ದರು. ಮುಂಜಾನೆಯ ಬಿಸಿಲು ನೇರ ಕುತ್ತಿಗೆಯ ಮೇಲೆ ಬೀಳುತ್ತಿತ್ತು. ಅಳತೆಯ ಟೇಪು ನಲವತ್ತು ವರ್ಷ ಅಲ್ಲೇ ಜೋತುಬಿದ್ದು, ತನ್ನ ಕೆಳಗಿನ ಚರ್ಮಕ್ಕೆ ಬಿಸಿಲು ತಾಗಲು ಬಿಟ್ಟಿರಲಿಲ್ಲ. ಮಧ್ಯಾಹ್ನ ಮುಖ ತೊಳೆಯಲು ಟೇಪು ತೆಗೆದಿಟ್ಟಾಗ ಮಾತ್ರ ಆ ಪಟ್ಟಿ ಕಾಣುತ್ತಿತ್ತು. ಒಮ್ಮೆ ಅವರಿಗೇ ಹೇಳಿದೆ.

‘ನನಗ ಕಾಣಲಾರದ್ದು ನನಗ್ಯಾಕ ಹೇಳತೀ? ಸುಮ್ಮ ಕಾಜಾ ಹೊಲಿ’ ಅಂದರು.

ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವರ ಅಂಗಡಿ. ಆರು ವರ್ಷ ನಾನು ಅಲ್ಲಿ ಎರಡನೇ ಮಷೀನಿನ ಮೇಲೆ ಕುಳಿತೆ. ಕಾಜಾ ಅಂದರೆ ಗುಂಡಿಯ ತೂತು ಹೊಲಿಯುವುದು, ಗುಂಡಿ ಹಚ್ಚುವುದು, ಅಂಚು ಮಡಚುವುದು ನನ್ನ ಕೆಲಸ. ಕತ್ತರಿ ಅವರದು. ನಮ್ಮದು ತಡವಳ ಊರಿನ ಕುರಿ ಕಾಯುವ ಮನೆತನ. ಕುರಿ ಅಪ್ಪ, ಅಣ್ಣ ನೋಡಿಕೊಳ್ಳುತ್ತಿದ್ದರು. ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು, ಹೊಲಿಗೆ ಹಿಡಿದೆ. ದಿನಾ ಗಾಡಿಯ ಮೇಲೆ ಹೋಗಿ ಬರುತ್ತಿದ್ದೆ.

ಅಳತೆ ತೆಗೆಯುವಾಗ ಮಾಸ್ತರರಿಗೆ ಅವಸರವಿರಲಿಲ್ಲ. ಎದೆಗೆ ಟೇಪು ಸುತ್ತಿ ಮೂರು ಉಸಿರಿನ ತನಕ ಕಾಯುತ್ತಿದ್ದರು. ‘ಮೊದಲನೇ ಉಸರ ಮಂದಿಗೆ ತೋರಸಾಕ. ಎರಡನೇದು ನನಗ ಅಂಜಿ. ಮೂರನೇದ ಅವನ ಸ್ವಂತದ್ದು’ ಅನ್ನುತ್ತಿದ್ದರು. ಮೂರನೆಯದನ್ನೇ ಉದ್ದನೆಯ ವಹಿಯಲ್ಲಿ ಬರೆಯುತ್ತಿದ್ದರು. ಕೆಲವರ ಇಂಚುಗಳ ಪಕ್ಕದಲ್ಲಿ ಒಂದು ಸಣ್ಣ ಸೊನ್ನೆ ಇರುತ್ತಿತ್ತು. ಬಟ್ಟೆ ನೀರಿಗೆ ಹಾಕಿ ಹೊಲಿಯಬೇಕು ಅನ್ನುವ ಗುರುತು ಅಂದುಕೊಂಡಿದ್ದೆ.

ಅಪ್ಪ ವರ್ಷಕ್ಕೊಮ್ಮೆ ಬಿಳಿ ಬಟ್ಟೆ ತಂದು ಅವರ ಹತ್ತಿರ ನೆಹರು ಅಂಗಿ ಹೊಲಿಸುತ್ತಿದ್ದ. ಅಂಗಿ ಹೊಲಿಸುವುದು ಅಂದರೆ ಜಗಳ. ತೋಳು ಮಣಿಕಟ್ಟಿನ ತನಕ ಬರಬೇಕು, ಇಲ್ಲದಿದ್ದರೆ ಅಡವಿಯಲ್ಲಿ ಕೈ ಸುಡುತ್ತದೆ. ಒಳಗಿನ ಚೋರ ಖಿಸೆ ಆಳ ಇರಬೇಕು. ಒಂದು ವರ್ಷ ಆ ಖಿಸೆಯ ಸಲುವಾಗಿ ಅಂಗಡಿಯ ಮುಂದೆ ಮಂದಿ ನೆರೆಯಿತು.

‘ತಂಬಾಕ ಹಾಕಿದ್ರ ಫೋನ ಬೀಳತದ, ಫೋನ ಹಾಕಿದ್ರ ತಂಬಾಕ ಬೀಳತದ. ಒಂದನ್ನರೆ ಕಿವಿ ಮ್ಯಾಲ ಇಟಗೊಳ್ಳಲೇನ ಮಾಸ್ತರ?’

‘ಹೊಟ್ಟಿ ಸಣ್ಣದ ಮಾಡ್ರಿ ಮಾಮಾ, ಖಿಸಾ ತಾನ ದೊಡ್ಡದಾಗತದ’ ಅಂದಿದ್ದರು ಮಾಸ್ತರರು.

ಅವ್ವ ಸತ್ತು ನಾಲ್ಕು ತಿಂಗಳಾಗಿತ್ತು. ಅಪ್ಪ ಬಟ್ಟೆ ತಂದ. ಮಾಸ್ತರರು ಅಳತೆ ತೆಗೆದರು. ಹಿಂದಿನ ವರ್ಷಕ್ಕಿಂತ ಒಂದು ಇಂಚೂ ಫರಕಿರಲಿಲ್ಲ. ‘ಖಿಸಾ ಎಷ್ಟ ಆಳ ಇಡಲಿ ಮಾಮಾ?’ ಎಂದು ಕೇಳಿದರು.

‘ಹೆಂಗರೆ ಹೊಲಿರಿ’ ಅಂದ ಅಪ್ಪ. ಅಷ್ಟೇ ಅಂದು ಬಸ್ಸಿಗೆ ಹೋದ.

ನನಗೆ ಹಗುರ ಅನ್ನಿಸಿತು. ವಯಸ್ಸಾಯಿತು, ಜಗಳ ಬಿಟ್ಟ ಅಂದುಕೊಂಡೆ. ಆದರೆ ಮಾಸ್ತರರು ಅಪ್ಪನ ಇಂಚುಗಳ ಪಕ್ಕ ಸೊನ್ನೆ ಹಾಕಿದರು.

‘ನಿಮ್ಮಪ್ಪನ ತಬ್ಬೇತ ಬರೋಬರ ಇಲ್ಲೋ’ ಅಂದರು.

ನನಗೆ ಸಿಟ್ಟು ಬಂತು. ಹಿಂದಿನ ತಿಂಗಳಷ್ಟೇ ಅಪ್ಪನನ್ನು ಸೊಲ್ಲಾಪುರದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಶುಗರ್, ಬೀಪಿ, ರಕ್ತ, ಎದೆಯ ಇಸಿಜಿ ಪಟ್ಟಿ, ಎಲ್ಲ ನಾರ್ಮಲ್. ಅವ್ವ ಹೋದ ಮೇಲೆ ನರ್ಸಬಾಯಿಯೂ ಮನೆಗೆ ಬಂದು ಒಂದು ಫಾರ್ಮ್ ತುಂಬಿಸಿಕೊಂಡಿದ್ದಳು. ನಿದ್ದೆ ಬರುತ್ತದೆಯೇ, ಊಟ ರುಚಿಸುತ್ತದೆಯೇ, ಎರಡು ವಾರದಲ್ಲಿ ಮನಸ್ಸು ಖುಷಿ ಇತ್ತೇ, ಮಂದಿಯ ಜೊತೆ ಬೆರೆಯುತ್ತೀರಾ. ಅಪ್ಪ ಎಲ್ಲದಕ್ಕೂ ‘ಬರೋಬರ ಅದರಿ ಬಾಯಿ’ ಅಂದಿದ್ದ. ಅವಳು ಎಲ್ಲ ಚೌಕಕ್ಕೂ ಟಿಕ್ ಹಾಕಿಕೊಂಡು ಚಹಾ ಕುಡಿದು ಹೋಗಿದ್ದಳು. ಇದನ್ನೆಲ್ಲ ಮಾಸ್ತರರಿಗೆ ಹೇಳಿದೆ.

‘ಡಾಕ್ಟರಂದು ಸುಳ್ಳಲ್ಲ. ಮೈ ನೋಡ್ಯಾನ, ಮೈ ಗಟ್ಟಿ ಅದ. ನರ್ಸಬಾಯೀದೂ ಸುಳ್ಳಲ್ಲ. ಆಕಿ ಕೇಳ್ಯಾಳ, ಅಂವ ಹೇಳ್ಯಾನ. ನೀ ಇಷ್ಟ ಹೇಳು. ಈ ನಾಕ ತಿಂಗಳದಾಗ ನಿಮ್ಮಪ್ಪ ಯಾರಿಗರೆ ಬೈದಾನೇನ?’

ನೆನಪು ಮಾಡಿಕೊಂಡೆ. ಅವ್ವ ಇದ್ದಾಗ ಪಲ್ಯಕ್ಕೆ ಉಪ್ಪು ಕಡಿಮೆಯಾದರೆ ಬೈಗುಳ, ಹೆಚ್ಚಾದರೆ ಬೈಗುಳ. ಕುರಿಗೆ ಬೈಯುತ್ತಿದ್ದ, ಬಸ್ಸಿಗೆ ಬೈಯುತ್ತಿದ್ದ, ನನ್ನ ಕೂದಲಿಗೆ ಬೈಯುತ್ತಿದ್ದ. ಈ ನಾಲ್ಕು ತಿಂಗಳಲ್ಲಿ ಒಂದೂ ನೆನಪಾಗಲಿಲ್ಲ. ಮನೆ ಸುಮ್ಮನಿತ್ತು. ನಾವು ಅದನ್ನು ಶಾಂತಿ ಅಂದುಕೊಂಡಿದ್ದೆವು.

‘ಚಲೋ ಇದ್ದ ಮನಷ್ಯಾ ಜಗಳ ತಗೀತಾನ’ ಅಂದರು ಮಾಸ್ತರರು. ‘ಕಾಲರ ಹಿಂಗ್ಯಾಕ, ನಿಮಗ ಕಣ್ಣ ಇಲ್ಲೇನ ಅಂತಾನ. ನಾಳೆ ಆ ಅಂಗಿ ಹಾಕ್ಕೊಂಡ ನಾಕ ಮಂದ್ಯಾಗ ನಿಂದರಬೇಕಲ್ಲ ಅವಗ. ಹೆಂಗರೆ ಹೊಲಿ ಅನ್ನಾಂವಗ ನಾಳೆ ಬೇಕಾಗಿಲ್ಲ.’

ವಹಿಯನ್ನು ಹಿಂದಕ್ಕೆ ತಿರುವಿ ಒಂದು ಹಾಳೆ ತೋರಿಸಿದರು. ನಾಗಣಸೂರಿನವನು. ಅವನ ಇಂಚುಗಳ ಪಕ್ಕ ಸೊನ್ನೆ. ಆಮೇಲೆ ಅವನ ಅಳತೆ ಮತ್ತೆಲ್ಲೂ ಇರಲಿಲ್ಲ.

‘ಏನಾದ?’ ಅಂದೆ.

‘ಬಾವ್ಯಾಗ ಸಿಕ್ಕ. ನಾ ಅವನ ಅಂಗಿ ಎಕದಮ್ ಛಂದ ಹೊಲದಿದ್ನಿ. ಒಂದ ಚೂಕ ಇದ್ದಿಲ್ಲ ನೋಡು. ತಿರಗಿ ಬರಾಕ ಅವಗ ಕಾರಣನ ಉಳೀಲಿಲ್ಲ.’

ಅಷ್ಟು ಹೇಳಿ ಅಪ್ಪನ ಬಟ್ಟೆ ಹಾಸಿದರು. ಎಡತೋಳನ್ನು ಮೂರು ಬೆರಳು ಗಿಡ್ಡ ಕತ್ತರಿಸಿದರು. ಕೈ ತಪ್ಪಿತು ಅಂದುಕೊಂಡು ಬಾಯಿ ತೆರೆದೆ. ‘ಕಾಜಾ ಹೊಲಿ’ ಅಂದರು.

ಅಪ್ಪ ಆ ಅಂಗಿ ಹಾಕಿಕೊಂಡ. ಒಂದು ತೋಳು ಮಣಿಕಟ್ಟಿಗೆ, ಒಂದು ಮೇಲೆ. ಕನ್ನಡಿ ನೋಡಲಿಲ್ಲ. ಕುರಿ ಹಿಂದೆ ಹೋದ, ಬಂದ, ತೊಳೆಯಲು ಹಾಕಿದ, ಮತ್ತೆ ಹಾಕಿಕೊಂಡ. ಎರಡು ವಾರ ಒಂದು ಮಾತಿಲ್ಲ. ಎಂಟು ದಿನ ನಾನು ಸಿಟ್ಟಿನಲ್ಲಿದ್ದೆ. ಆಮೇಲೆ ಹೆದರಿಕೆ ಶುರುವಾಯಿತು. ದಿನಾ ಸಂಜೆ ಮನೆಗೆ ಹೋಗಿ ಗಾಡಿ ನಿಲ್ಲಿಸುವ ಮೊದಲು ಅಪ್ಪ ಎಲ್ಲಿದ್ದಾನೆ ಎಂದು ಕಣ್ಣಾಡಿಸುತ್ತಿದ್ದೆ. ಬಾವಿಯ ಕಡೆ ಹೋದರೆ ಅಣ್ಣನನ್ನು ಹಿಂದೆ ಕಳಿಸುತ್ತಿದ್ದೆ.

‘ಏನರೆ ಅಂದಾನೇನ?’ ಎಂದು ಮಾಸ್ತರರು ದಿನಾ ಕೇಳುವರು.

‘ಇಲ್ರಿ.’

‘ಇದ ಅವನ ರಿಪೋರ್ಟ’ ಅಂದರು. ‘ನಾಪಾಸ.’

ಉಳಿದ ಬಟ್ಟೆಗೆ ತಮ್ಮಲ್ಲಿದ್ದ ತುಂಡು ಸೇರಿಸಿ ಇನ್ನೊಂದು ಅಂಗಿ ಕತ್ತರಿಸಿದರು. ಹೊಲಿದು ನನ್ನ ಮುಂದೆ ಹಾಕಿದರು.

‘ಗುಂಡಿ ಎಡಕ್ಕ ಹಚ್ಚು.’

ಗಂಡಸರ ಅಂಗಿಗೆ ಗುಂಡಿ ಬಲಕ್ಕೆ. ಎಡಕ್ಕೆ ಹಚ್ಚುವುದು ಹೆಂಗಸರ ಝಂಪರಿಗೆ.

‘ನಾ ಹಚ್ಚಂಗಿಲ್ಲ. ಮಂದಿ ನಗತಾರ ನಮ್ಮಪ್ಪಗ.’

‘ನಗಲಿ.’

‘ನಿಮ್ಮಪ್ಪಗ ನೀವ ಹಚ್ಚತಿದ್ರೇನ ಹಿಂಗ?’

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ನಮ್ಮಪ್ಪಗ ಯಾರೂ ಹಚ್ಚಲಿಲ್ಲಪಾ’ ಅಂದರು. ಅವರ ಅಪ್ಪನ ವಿಷಯ ಅವರು ಎತ್ತಿದ್ದು ಅಷ್ಟೇ. ಆಮೇಲೆಯೂ ನಾನು ಕೇಳಲಿಲ್ಲ. ಗುಂಡಿ ಎಡಕ್ಕೆ ಹಚ್ಚಿದೆ. ಬೆರಳಿಗೆ ಎರಡು ಸಲ ಸೂಜಿ ಚುಚ್ಚಿಕೊಂಡೆ. ಉಳಿದ ಬಟ್ಟೆಯದು ಎಂದು ಹೇಳಿ ಅಪ್ಪನಿಗೆ ಒಯ್ದು ಕೊಟ್ಟೆ.

ಅಪ್ಪ ಸೋಮವಾರ ಆ ಅಂಗಿ ಹಾಕಿಕೊಂಡು ತಡವಳದ ಚಹಾದ ಅಂಗಡಿಗೆ ಹೋದನಂತೆ. ನಾನು ಆಗಲೇ ಕೆಲಸಕ್ಕೆ ಬಂದಿದ್ದೆ. ಹತ್ತು ಗಂಟೆಯ ಹೊತ್ತಿಗೆ ಗಲ್ಲಿಯ ತುದಿಯಿಂದಲೇ ಕೂಗು ಕೇಳಿಸಿತು. ಅಪ್ಪ ಬನಿಯನ್ನಿನ ಮೇಲೆ ಟಾವೆಲ್ ಹೊದ್ದು ಬರುತ್ತಿದ್ದ. ಅಂಗಿಯನ್ನು ಬಸ್ಸಿನಲ್ಲೇ ಬಿಚ್ಚಿ ಮುದ್ದೆ ಮಾಡಿಕೊಂಡಿದ್ದ. ತಂದು ಮಷೀನಿನ ಮೇಲೆ ಒಗೆದ. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು.

‘ಏ ಮಾಸ್ತರ! ಕುರುಡ ಆದೀಯೋ, ಹುಚ್ಚ ಹಿಡದದೋ? ಎಡಕ್ಕ ಗುಂಡಿ! ಯಾರ ಝಂಪರ ಹಾಕ್ಕೊಂಡ ಬಂದೀಪಾ ಅಂತ ಕೇಳಾಕತ್ತಾರ ನನಗ!’

‘ಕೂಡ್ರಿ ಮಾಮಾ.’

‘ಕೂಡಂಗಿಲ್ಲ! ಮೊದಲ ತೋಳ ಗಿಡ್ಡ ಮಾಡಿದಿ, ಈಗ ಇದು. ನಲವತ್ತ ವರ್ಷ ಇಲ್ಲೇ ಹೊಲಗಿ ಹೊಲದೀಯೋ ಕತ್ತೆ ಕಾಯ್ದೀಯೋ?’

‘ಚೂಕ ಆತ್ರಿ.’

‘ಚೂಕಂತ ಚೂಕ! ಆಕಿ ಇದ್ದಿದ್ರ ಹೊಸ್ತಲಾ ದಾಟಾಕ ಬಿಡತಿದ್ದಿಲ್ಲ ನನಗ. ಬಾಗಲದಾಗ ನಿಂದರಿಸಿ ನೋಡತಿದ್ಲು. ದಿನಾ ನೋಡತಿದ್ಲು. ಬಾಗಲದಾಗ…’

ಅವ್ವನನ್ನು ಮಣ್ಣು ಮಾಡಿ ಬಂದ ಮೇಲೆ ಅಪ್ಪ ಅವಳ ಮಾತು ಎತ್ತಿದ್ದು ಅದೇ ಮೊದಲು. ನಿಂತವನು ಗಿರಾಕಿಗಳ ಬೆಂಚಿನ ಮೇಲೆ ಕುಳಿತ. ಟಾವೆಲ್ಲಿನಿಂದ ಮುಖ ಒರೆಸಿಕೊಂಡ. ಬಹಳ ಹೊತ್ತು ಒರೆಸಿಕೊಂಡ. ಗಿರಾಕಿಗಳು ರಸ್ತೆ ನೋಡಿದರು. ನಾನು ನೆಲ ನೋಡಿದೆ.

ಮಾಸ್ತರರು ವಹಿ ತೆಗೆದು ಪೆನ್ನು ಹಿಡಿದು ಕೇಳಿದರು, ‘ಮತ್ತೇನ ನೋಡತಿದ್ರು ಮಾಮಿ?’

‘ಕಾಲರ’ ಅಂದ ಅಪ್ಪ. ‘ಕಾಲರ ಒಳಗ ಮಡಚಿತ್ತಂದ್ರ ಕುತಗಿ ಮ್ಯಾಲ ಬಡೀತಿದ್ಲು.’

‘ಜೋರಾಗಿ?’

‘ಜೋರಾಗೇ. ಆಕಿ ಕೈ ಏನ ಹಗರ ಇತ್ತಂತ ತಿಳದೀ?’

ಅರ್ಧ ಗಂಟೆ ಅಪ್ಪ ಮಾತಾಡಿದ. ಅವ್ವ ಹೇಳುತ್ತಿದ್ದುದು, ತಾನು ಕೇಳದೆ ಇದ್ದುದು, ಖಿಸೆಯ ಆಳ, ತೋಳಿನ ಉದ್ದ. ಮಾಸ್ತರರು ಎಲ್ಲ ಬರೆದುಕೊಂಡರು. ಚಹಾ ತರಿಸಿದರು. ಅಪ್ಪ ಚಹಾಕ್ಕೂ ಬೈದ. ಅವನು ಹೋದ ಮೇಲೆ ಮಾಸ್ತರರು ಆ ಸೊನ್ನೆಯ ಮೇಲೆ ಅಡ್ಡಗೀಟು ಎಳೆದರು.

ಆಮೇಲೆ ಅಪ್ಪ ಪ್ರತಿ ಸೋಮವಾರ ಬರತೊಡಗಿದ. ಪ್ರತಿ ಸಲ ಮಾಸ್ತರರು ತಿದ್ದಿಕೊಟ್ಟ ಅಂಗಿಯಲ್ಲಿ ಏನೋ ಒಂದು ತಪ್ಪು ಉಳಿದಿರುತ್ತಿತ್ತು. ಇಬ್ಬರೂ ಬೆಂಚಿನ ಮೇಲೆ ಕುಳಿತು ಜಗಳಾಡುವರು. ಅಪ್ಪ ಮನೆಯಲ್ಲೂ ಬೈಯತೊಡಗಿದ. ಅಣ್ಣನ ಹೆಂಡತಿ ಸಿಟ್ಟಾಗಿ ನನ್ನೆದುರು ದೂರು ಹೇಳಿದಳು. ನನಗೆ ಅವಳ ದೂರು ಕೇಳಲು ಖುಷಿಯಾಗುತ್ತಿತ್ತು.

ಆದರೆ ಅಪ್ಪ ಸುಮ್ಮನಿರಲಿಲ್ಲ. ಆ ಮಾಸ್ತರನ ಕೈ ಕೆಟ್ಟಿದೆ, ಬಟ್ಟೆ ಕೊಡಬೇಡಿ ಎಂದು ತಡವಳದ ತುಂಬ ಹೇಳಿಕೊಂಡು ಬಂದ. ತಡವಳದ ಮಂದಿ ಬರುವುದು ನಿಂತಿತು. ಮಾತು ಬೇರೆ ಊರಿಗೂ ಹೋಯಿತು. ಮದುವೆಯ ಹಂಗಾಮಿನಲ್ಲೂ ಮಾಸ್ತರರ ಮಷೀನು ಮಧ್ಯಾಹ್ನಕ್ಕೆ ಖಾಲಿ ನಿಲ್ಲುತ್ತಿತ್ತು. ಜಿಲ್ಲೆಯಲ್ಲಿ ಅಂಥ ಕತ್ತರಿ ಇನ್ನೊಂದಿರಲಿಲ್ಲ. ಅದು ನನಗೆ ಗೊತ್ತಿತ್ತು.

‘ಅಪ್ಪಗ ಖರೆ ಹೇಳಿಬಿಡತೀನ್ರಿ’ ಅಂದೆ.

‘ಹೇಳಿದ್ರ ನಾಚತಾನ. ನಾಚಿದಾಂವ ಮತ್ತ ಈ ಬೆಂಚಿಗೆ ಬರಂಗಿಲ್ಲ. ನಿಮ್ಮಪ್ಪಗ ಹೇಳಬ್ಯಾಡ. ಆಣಿ ಮಾಡು.’

ನಮ್ಮ ಮನೆದೇವರು ಬೀರೋಬನ ಆಣೆ ಮಾಡಿದೆ.

ಕೆಲಸ ಇಬ್ಬರಿಗೆ ಸಾಲದಾಯಿತು. ನನ್ನನ್ನು ಸೊಲ್ಲಾಪುರಕ್ಕೆ ಅವರೇ ಕಳಿಸಿದರು. ಈಗ ಯುನಿಫಾರ್ಮ್ ಹೊಲಿಯುವ ಕಾರಖಾನೆಯಲ್ಲಿ ಇದ್ದೇನೆ. ದಿನವಿಡೀ ಬರೀ ತೋಳು ಹೊಲಿಯುತ್ತೇನೆ. ಮೂವತ್ತೆಂಟು, ನಲವತ್ತು, ನಲವತ್ತೆರಡು. ಯಾರ ತೋಳು ಅಂತ ಗೊತ್ತಿಲ್ಲ. ಆ ಅಂಗಿ ಹಾಕಿಕೊಳ್ಳುವವನು ಹೇಗಿದ್ದಾನೋ, ಅವನಿಗೆ ಯಾರಾದರೂ ಇದ್ದಾರೋ ಇಲ್ಲವೋ ಗೊತ್ತಿಲ್ಲ. ಇಲ್ಲಿಯೂ ಆರು ತಿಂಗಳಿಗೊಮ್ಮೆ ನಮ್ಮನ್ನು ತೂಕ ಮಾಡುತ್ತಾರೆ, ಬೀಪಿ ನೋಡುತ್ತಾರೆ, ಕಾಗದ ಕೊಡುತ್ತಾರೆ. ನನ್ನದೂ ನಾರ್ಮಲ್. ಕಾಗದ ಮಡಚಿ ಖಿಸೆಯಲ್ಲಿ ಇಟ್ಟುಕೊಂಡು ಹೊರಗೆ ಬಂದಾಗ ಮಾಸ್ತರರ ಎದುರು ಒಂದು ಸಲ ನಿಲ್ಲಬೇಕು ಅನ್ನಿಸುತ್ತದೆ. ಅವರು ಕನ್ನಡಕ ಏರಿಸಿ ಮೇಲಿನಿಂದ ಕೆಳಗೆ ನೋಡಿ ಒಂದು ಮಾತು ಅನ್ನಬೇಕು. ಬೈದರೂ ನಡೆಯುತ್ತದೆ.

ಹೋದ ಚಳಿಗಾಲದಲ್ಲಿ ಅವರಿಗೆ ಕಾಮಾಲೆ ಆಯಿತು. ಸೊಲ್ಲಾಪುರದ ದವಾಖಾನೆಗೇ ತಂದಿದ್ದರು. ಒಂಬತ್ತು ದಿನ, ಸಂಜೆ ಕೆಲಸ ಮುಗಿದ ಮೇಲೆ ಹೋಗಿ ಪಕ್ಕದಲ್ಲಿ ಕುಳಿತೆ. ಮಾತು ಕಡಿಮೆಯಾಗಿತ್ತು. ‘ಅಪ್ಪ ಹೆಂಗದಾನ?’ ಎಂದು ಮಾತ್ರ ದಿನಾ ಕೇಳುತ್ತಿದ್ದರು. ‘ನಿಮಗ ಬೈಯಾಕತ್ತಾನ್ರಿ’ ಅಂದರೆ ಕಣ್ಣು ಮುಚ್ಚಿಕೊಂಡು ನಗುತ್ತಿದ್ದರು. ಹತ್ತನೆಯ ದಿನ ಹೋದರು.

ಮಣ್ಣಿಗೆ ಅಪ್ಪ ತಡವಳದಿಂದ ಬಂದ. ಅತ್ತ. ಅವ್ವನಿಗೆ ಅಳದವನು ಅವರಿಗೆ ಎಲ್ಲರೆದುರು ಅತ್ತ. ಎಲ್ಲ ಮುಗಿದು ಕೈಕಾಲು ತೊಳೆದು ಬೇವಿನ ಮರದ ಕೆಳಗೆ ಕುಳಿತಾಗ ಅವರಿವರು ಮಾಸ್ತರರ ಬಗ್ಗೆ ಒಂದೊಂದು ಮಾತು ಹೇಳಿದರು. ಅಪ್ಪನೂ ಹೇಳಿದ.

‘ಮನಷ್ಯಾ ಲಾಖದಾಗ ಒಬ್ಬಾಂವ ಇದ್ದ. ಖರೆ, ಪಾಪ, ಅವಗ ಹೊಲಗಿ ಬರತಿದ್ದಿಲ್ಲ.’

ಸುತ್ತ ಕುಳಿತವರು ಹೌದು ಹೌದು ಎಂದು ತಲೆ ಅಲ್ಲಾಡಿಸಿದರು. ನಾನು ಬಾಯಿ ತೆರೆದೆ. ಅಪ್ಪ ನನ್ನ ಕಡೆ ನೋಡಿದ. ಮುಚ್ಚಿಕೊಂಡೆ.

ಅಪ್ಪನಿಗೆ ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮಾಸ್ತರರಿಗೆ ಹೊಲಿಗೆ ಬರುತ್ತಿತ್ತು.