ಟೀಚರಮ್ಮನ ಹನ್ನೆರಡನೆಯ ಸಹಿ

ನಮ್ಮ ವಿಶ್ವವಿದ್ಯಾಲಯದ ಪಿಎಚ್‌.ಡಿ. ನಿಯಮಾವಳಿ ಎಂಬತ್ತನಾಲ್ಕು ಪುಟಗಳ ಪುಸ್ತಕ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದವನು ಇಡೀ ಕಟ್ಟಡದಲ್ಲಿ ನಾನೊಬ್ಬನೇ ಎಂಬ ಜಂಬ ನನಗಿತ್ತು. ಸಂಶೋಧನಾ ವಿಭಾಗದ ಗುಮಾಸ್ತನಾಗಿ ಇಪ್ಪತ್ತೆರಡು ವರ್ಷ ಒಂದೇ ಕಿಟಕಿಯ ಹಿಂದೆ ಕೂತವನು ನಾನು. ಅರ್ಜಿಯಲ್ಲಿ ಒಂದು ಕಾಲಂ ಖಾಲಿ ಬಿಟ್ಟಿದ್ದರೂ ಮುಲಾಜಿಲ್ಲದೆ ವಾಪಸ್ ಕಳಿಸುತ್ತಿದ್ದೆ. ಪ್ರೊಫೆಸರುಗಳು ಕೂಡ ಆ ಕಿಟಕಿಯ ಮುಂದೆ ದನಿ ತಗ್ಗಿಸುತ್ತಿದ್ದರು. ನನಗೆ ಅದು ಇಷ್ಟವಾಗುತ್ತಿತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ.

ಟೀಚರಮ್ಮ ಬಂದದ್ದು ಆ ಕಿಟಕಿಗೇ, ವಯಸ್ಕರ ಶಿಕ್ಷಣದಲ್ಲಿ ಡಾಕ್ಟರೇಟ್ ಮಾಡುತ್ತೇನೆಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ಆಸ್ಪತ್ರೆಗಳ ಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿಯಲ್ಲಿ, ಪಾಳಿ ಮುಗಿದ ಮೇಲೆ, ಅಲ್ಲಿನ ಹೆಂಗಸರಿಗೆ ಓದುಬರಹ ಕಲಿಸುವುದು ಅವರ ಕೆಲಸ. ಅರ್ಜಿಯಲ್ಲಿ ‘ಪೋಷಕರ ಸಹಿ’ ಎಂಬ ಕಾಲಂ ಇತ್ತು. ಅಲ್ಲಿ ಅವರ ಮಗಳ ಸಹಿ ಬಿದ್ದಿತ್ತು.

“ಇದು ಮಗಳದ್ದು. ಪೋಷಕರದ್ದು ಬೇಕು,” ಎಂದೆ.

“ಊಟ ಮಾಡಿದ್ಯಾ ಅಂತ ಕೇಳೋದು, ಎಷ್ಟೊತ್ತಿಗೆ ಬರ್ತೀಯ ಅಂತ ಫೋನ್ ಮಾಡೋದು, ತಡ ಆದ್ರೆ ಬೈಯೋದು, ಎಲ್ಲಾ ಈಗ ಅವಳೇ. ಇನ್ಯಾರನ್ನ ಕರ್ಕೊಂಡು ಬರ್ಲಿ ಗುಮಾಸ್ತ್ರೇ?”

ಪೋಷಕರು ಅಭ್ಯರ್ಥಿಗಿಂತ ಹಿರಿಯರಾಗಿರಬೇಕು ಎಂದು ನಿಯಮಾವಳಿಯಲ್ಲಿ ಎಲ್ಲೂ ಇರಲಿಲ್ಲ. ಎರಡು ಸಲ ಹುಡುಕಿ ನೋಡಿ, ಹಲ್ಲು ಕಚ್ಚಿಕೊಂಡು ಸೀಲು ಹೊಡೆದೆ.

ಮೊದಲ ದಿನ ಕ್ಲಾಸಿಗೆ ಹೋದಾಗ ಇವರನ್ನು ಉಪನ್ಯಾಸಕಿ ಎಂದುಕೊಂಡು ಉಳಿದ ವಿದ್ಯಾರ್ಥಿಗಳೆಲ್ಲ ಎದ್ದು ನಿಂತರಂತೆ. ಇವರೂ ಅಭ್ಯಾಸಬಲದಿಂದ “ಕೂತ್ಕೊಳ್ಳಿ” ಎಂದು ಹೇಳಿ ಹಾಜರಿ ಕರೆಯಲು ಶುರುಮಾಡಿದರಂತೆ. ಆರು ತಿಂಗಳಿಗೊಮ್ಮೆ ಕೊಡಬೇಕಾದ ಪ್ರಗತಿ ವರದಿಯಲ್ಲಿ ಒಮ್ಮೆ ‘ಪ್ರಗತಿ: ಆಗುತ್ತಿದೆ’ ಎಂದಷ್ಟೇ ಬರೆದು ಕೊಟ್ಟರು. ವಾಪಸ್ ಕಳಿಸಿದೆ. ‘ಪ್ರಗತಿ: ನಿಧಾನವಾಗಿ ಆಗುತ್ತಿದೆ’ ಎಂದು ತಿದ್ದಿ ತಂದರು. ಹೀಗೆ ನಮ್ಮಿಬ್ಬರ ಜಟಾಪಟಿ ಆರು ವರ್ಷ ನಡೆಯಿತು. ಆರು ವರ್ಷವೇ ಗಡುವು. ಅಷ್ಟರೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು. ವಯಸ್ಸು ಐವತ್ತು ದಾಟಿದವರಿಗೆ ಮತ್ತೆ ನೋಂದಣಿ ಇಲ್ಲ. ಟೀಚರಮ್ಮನಿಗೆ ಇದ್ದದ್ದು ಅದೊಂದೇ ಅವಕಾಶ.

ಸಂಶೋಧನೆ ನಡೆಯುವ ಜಾಗವನ್ನು ವಿಭಾಗದವರು ಒಮ್ಮೆ ಕಣ್ಣಾರೆ ನೋಡಬೇಕೆಂಬ ನಿಯಮವಿದೆ. ಯಾರೂ ಹೋಗುವುದಿಲ್ಲ. ನಾನು ಹೋದೆ. ಒಗೆಯುವ ಯಂತ್ರಗಳು ಒಂದು ಗೋಡೆಗೆ, ಇಸ್ತ್ರಿಯ ಉರುಳೆಗಳು ಇನ್ನೊಂದಕ್ಕೆ, ನಡುವೆ ಮಡಚುವ ಉದ್ದನೆಯ ಮೇಜು. ಅದೇ ತರಗತಿಯ ಬೆಂಚು. ಹನ್ನೆರಡು ಹೆಂಗಸರು ಬೆಚ್ಚಗಿನ ಬೆಡ್‌ಶೀಟುಗಳ ಕಟ್ಟನ್ನು ಅತ್ತ ಸರಿಸಿ ಸ್ಲೇಟು ಇಟ್ಟುಕೊಂಡಿದ್ದರು. ಎಲ್ಲರಿಗಿಂತ ಹಿರಿಯರನ್ನು ಅಲ್ಲಿ ದೊಡ್ಡಮ್ಮ ಎನ್ನುತ್ತಿದ್ದರು. ಮೂವತ್ತು ವರ್ಷ ಬೆಡ್‌ಶೀಟು ಮಡಚಿದ ಕೈ. ಆಕೆಗೆ ಸ್ಲೇಟು ಸೇರದು. ಕಿಟಕಿಯ ಗಾಜಿಗೆ ಹಬೆ ಹಿಡಿದಿರುತ್ತಿತ್ತಲ್ಲ, ಅದರ ಮೇಲೆ ಬೆರಳಲ್ಲಿ ಬರೆಯುತ್ತಿದ್ದರು. ತಪ್ಪಾದರೆ ಸೆರಗಿನಿಂದ ಒರೆಸಿ, ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣು ಹಾಯಿಸುತ್ತಿದ್ದರು. ಟೀಚರಮ್ಮನ ಪ್ರಬಂಧದಲ್ಲಿ ಆಕೆಯ ಬಗ್ಗೆಯೇ ಮೂವತ್ತೆಂಟು ಪುಟಗಳಿದ್ದವು. ಅವೇ ಚೆನ್ನಾಗಿದ್ದ ಪುಟಗಳು.

ಈಗ ಒಪ್ಪಿಗೆ ಪತ್ರದ ವಿಷಯಕ್ಕೆ ಬರುತ್ತೇನೆ. ಸಂಶೋಧನೆಗೆ ಒಳಗಾಗುವ ಪ್ರತಿಯೊಬ್ಬರೂ ಒಂದು ಹಾಳೆಗೆ ಸಹಿ ಹಾಕಬೇಕು. ಟೀಚರಮ್ಮನ ವಿದ್ಯಾರ್ಥಿನಿಯರಿಗೆ ಆಗ ಸಹಿ ಬರುತ್ತಿರಲಿಲ್ಲವಾದ್ದರಿಂದ, ಸದ್ಯಕ್ಕೆ ಬಾಯಿಮಾತಿನ ಒಪ್ಪಿಗೆ ಸಾಕು, ಪ್ರಬಂಧ ಸಲ್ಲಿಸುವ ಮುನ್ನ ಹೆಬ್ಬೆಟ್ಟು ಒತ್ತಿಸಿ ತಂದರಾಯಿತು ಎಂದು ಸಂಶೋಧನೆಗೆ ಅನುಮತಿ ಕೊಡುವ ಸಮಿತಿ ದೊಡ್ಡ ಮನಸ್ಸು ಮಾಡಿತ್ತು. ಅದಕ್ಕೆ ಈಯಮ್ಮ ಒಪ್ಪಲಿಲ್ಲ.

“ಮೊದಲನೇ ಸಾಲು ನೋಡಿ. ‘ಇದನ್ನು ನಾನು ಓದಿ ಅರ್ಥ ಮಾಡಿಕೊಂಡಿದ್ದೇನೆ’ ಅಂತಿದೆ. ಓದೋಕೆ ಬರದವರ ಹೆಬ್ಬೆಟ್ಟು ಒತ್ತಿಸಿ ಓದಿದ್ದೀನಿ ಅಂತ ಹೇಳಿಸಲಾ? ಆಮೇಲೆ ಯಾವ ಮುಖ ಇಟ್ಕೊಂಡು ಅವರಿಗೆ ಪಾಠ ಮಾಡಲಿ?”

“ಎಲ್ಲರೂ ಹಾಗೇ ಮಾಡ್ತಾರೆ ಟೀಚರಮ್ಮ.”

“ಎಲ್ಲರೂ ಅಕ್ಷರ ಕಲಿಸೋಕೆ ಹೋಗಿರಲ್ಲವಲ್ಲ.”

ಜಪ್ಪಯ್ಯ ಎಂದರೂ ಕೇಳಲಿಲ್ಲ. ಆ ಒಪ್ಪಿಗೆ ಪತ್ರವನ್ನೇ ಪಠ್ಯ ಮಾಡಿಕೊಂಡರು. ಅದರಲ್ಲಿ ಹದಿನಾಲ್ಕು ಸಾಲು, ಒಂದೊಂದು ಸಾಲೂ ವಕೀಲರು ಬರೆದಂಥದ್ದು. ‘ಗೌಪ್ಯತೆ’ ಎಂಬ ಒಂದು ಪದಕ್ಕೇ ಎರಡು ವಾರ ಹಿಡಿಯಿತಂತೆ. ನಿಯಮವನ್ನು ನನಗಿಂತ ಗಟ್ಟಿಯಾಗಿ ಹಿಡಿದವರನ್ನು ನಾನು ಕಂಡದ್ದು ಅದೇ ಮೊದಲು. ಹೊಟ್ಟೆಕಿಚ್ಚಾಯಿತು.

ಗಡುವಿನ ವಾರ ಬಂತು. ಶುಕ್ರವಾರ ಸಂಜೆ ಐದಕ್ಕೆ ಕಿಟಕಿ ಮುಚ್ಚಬೇಕು, ಮುಚ್ಚುವವನೂ ನಾನೇ. ಹನ್ನೊಂದು ಸಹಿ ಬಂದಿದ್ದವು. ದೊಡ್ಡಮ್ಮ ಮಾತ್ರ ಮಂಗಳವಾರ ಓದುತ್ತೇನೆ ಎಂದಿದ್ದರು. ಮಂಗಳವಾರ ಅರ್ಧ ದಿನ ರಜೆ ಹಾಕಿ ನಾನೂ ಲಾಂಡ್ರಿಗೆ ಹೋದೆ. ಯಾಕೆ ಹೋದೆನೆಂದು ಕೇಳಬೇಡಿ, ಮನೆಯಲ್ಲಿ ಹೆಂಡತಿಯೂ ಅದನ್ನೇ ಕೇಳಿದಳು.

ದೊಡ್ಡಮ್ಮ ಹಾಳೆಯನ್ನು ಮೇಜಿನ ಮೇಲೆ ಬೆಡ್‌ಶೀಟಿನಂತೆ ಸವರಿ ಸಾಪು ಮಾಡಿ, ಬೆರಳಿಟ್ಟು ಓದಿದರು. ನಲವತ್ತು ನಿಮಿಷ. ಒಂಬತ್ತನೆಯ ಸಾಲಿಗೆ ಬಂದು ನಿಂತರು. ಮತ್ತೆ ಓದಿದರು.

“‘ಯಾವುದೇ ಹಂತದಲ್ಲಿ ಕಾರಣ ನೀಡದೆ ಹಿಂದೆ ಸರಿಯುವ ಹಕ್ಕು ನನಗಿದೆ.’ ಹೀಗೆ ಬರೆದಿರೋದು ನಿಜಾನಾ ಟೀಚರಮ್ಮ?”

“ನಿಜ ದೊಡ್ಡಮ್ಮ.”

“ಕಾರಣ ಕೇಳಲ್ವಾ?”

“ಕೇಳೋ ಹಾಗಿಲ್ಲ.”

“ಹಾಗಾದ್ರೆ ನನ್ನನ್ನ ಬಿಟ್ಬಿಡಿ,” ಎಂದು ದೊಡ್ಡಮ್ಮ ಪೆನ್ನಿನ ಕ್ಯಾಪ್ ಹಾಕಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕೊಟ್ಟರು.

ಸಮಿತಿ ಒಪ್ಪಿದ್ದು ಹನ್ನೆರಡು ಮಂದಿಗೆ. ಸಂಖ್ಯೆ ಬದಲಾದರೆ ಮತ್ತೆ ಸಮಿತಿ ಸೇರಬೇಕು, ಸಮಿತಿ ಸೇರುವುದು ಮೂರು ತಿಂಗಳಿಗೊಮ್ಮೆ. ಟೀಚರಮ್ಮನನ್ನು ಯಂತ್ರಗಳ ಹಿಂದಕ್ಕೆ ಕರೆದೊಯ್ದು, ಹಿಂದೆಂದೂ ಆಡದ ಮಾತು ಆಡಿಬಿಟ್ಟೆ.

“ಇಲ್ಲಿ ಇನ್ನೂ ಮೂವತ್ತು ಜನ ಹೆಂಗಸರಿದ್ದಾರೆ. ಯಾರದ್ದಾದರೂ ಒಂದು ಹೆಬ್ಬೆಟ್ಟು ಒತ್ತಿಸಿ. ನಾನು ಕಣ್ಣು ಮುಚ್ಕೋತೀನಿ.”

ಆಕೆ ನನ್ನನ್ನೇ ನೋಡಿದರು. ಕಣ್ಣು ತುಂಬಿತ್ತು. ಅಳು ಎಂದುಕೊಂಡೆ, ನೋಡಿದರೆ ಆಯಮ್ಮ ನಗುತ್ತಿದ್ದರು.

“ಗುಮಾಸ್ತ್ರೇ, ನಿಮಗೆ ಗೊತ್ತಾಗ್ಲಿಲ್ವಾ? ದೊಡ್ಡಮ್ಮ ಓದಿದ್ರು ಕಣ್ರೀ.”

ಬಸ್ಸಿನಲ್ಲಿ ಬರುವಾಗ ನಾಚಿಕೆಯಿಂದ ಮುಖ ಕಿಟಕಿಯ ಕಡೆ ತಿರುಗಿಸಿ ಕೂತೆ. ಮರುದಿನ ಬೆಳಿಗ್ಗೆ ನಿಯಮಾವಳಿ ತೆಗೆದು ಮೊದಲ ಪುಟದಿಂದ ಹುಡುಕಿದೆ. ಎಪ್ಪತ್ತೊಂದನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಸಿಕ್ಕಿತು: ಒಪ್ಪಿಗೆ ಪತ್ರ ಓದಿದ ಮೇಲೆ ಯಾರಾದರೂ ಹಿಂದೆ ಸರಿದರೆ ಸಮಿತಿ ಸೇರಬೇಕಿಲ್ಲ, ಮಾರ್ಗದರ್ಶಕರ ಸಹಿ ಸಾಕು, ಆದರೆ ಸರಿದವರ ಬಗ್ಗೆ ಒಂದಕ್ಷರವೂ ಪ್ರಬಂಧದಲ್ಲಿ ಉಳಿಯಬಾರದು. ಇಪ್ಪತ್ತೆರಡು ವರ್ಷದಲ್ಲಿ ಈ ನಿಯಮ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ಏಕೆಂದರೆ ಅಷ್ಟು ವರ್ಷದಲ್ಲಿ ಒಬ್ಬರೂ ಹಿಂದೆ ಸರಿದಿರಲಿಲ್ಲ. ಸಾವಿರಾರು ಸಹಿಗಳು ನನ್ನ ಕೈ ದಾಟಿ ಹೋಗಿದ್ದವು. ಆ ಹಾಳೆಯನ್ನು ನಿಜವಾಗಿ ಓದಿದವರು ಎಷ್ಟು ಮಂದಿ ಎಂದು ಅವತ್ತು ಮೊದಲ ಸಲ ಯೋಚಿಸಿದೆ.

ಟೀಚರಮ್ಮ ಮೂವತ್ತೆಂಟು ಪುಟಗಳನ್ನು ಕಿತ್ತುಹಾಕಿದರು. ಮಗಳು ಪುಟಸಂಖ್ಯೆಗಳನ್ನೆಲ್ಲ ಹೊಸದಾಗಿ ಹಾಕಿಕೊಟ್ಟಳು, ಬೈಯುತ್ತಲೇ. ಶುಕ್ರವಾರ ನಾಲ್ಕೂ ಮುಕ್ಕಾಲಿಗೆ ಪ್ರಬಂಧ ನನ್ನ ಕಿಟಕಿಗೆ ಬಂತು. ಒಂದೂ ಕಾಲಂ ಖಾಲಿ ಇರಲಿಲ್ಲ.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಮೂಗು ಮುರಿದರು. “ನಿಮ್ಮ ಪಾಠದಿಂದ ಓದು ನಿಜವಾಗಿ ಬಂತು ಅನ್ನೋದಕ್ಕೆ ಗಟ್ಟಿ ಪುರಾವೆ ಕಾಣ್ತಿಲ್ಲ. ಅನುಮತಿ ಹನ್ನೆರಡು ಜನಕ್ಕೆ, ಇಲ್ಲಿರೋದು ಹನ್ನೊಂದೇ. ಹನ್ನೆರಡನೆಯವರು ಯಾಕೆ ಬಿಟ್ಟು ಹೋದರು?” ನಾನು ಬಾಗಿಲ ಬಳಿ ಕಡತ ಹಿಡಿದು ನಿಂತಿದ್ದೆ. ಪುರಾವೆ ಟೀಚರಮ್ಮನ ನಾಲಿಗೆಯ ತುದಿಯಲ್ಲೇ ಇತ್ತು.

“ಹೇಳೋ ಹಾಗಿಲ್ಲ ಸರ್, ನಿಯಮ ಇದೆ,” ಎಂದರು ಟೀಚರಮ್ಮ. ಅಷ್ಟೇ. ಪುರಾವೆ ಸಾಧಾರಣ ಎಂಬ ಷರಾ ಬರೆದು ಡಾಕ್ಟರೇಟ್ ಕೊಟ್ಟರು.

ಸಾಧಾರಣ ಎಂಬ ಆ ಪದ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಅದಕ್ಕೇ ಇದನ್ನು ಬರೆದೆ. ಬರೆದ ಮೇಲೆ ನೆನಪಾಯಿತು, ನಿಯಮ ನನಗೂ ಇದೆ. ಹಾಳೆಗಳನ್ನು ತೆಗೆದುಕೊಂಡು ಲಾಂಡ್ರಿಗೆ ಹೋದೆ. ಮಡಚುವ ಮೇಜಿನ ಮೇಲೆ ದೊಡ್ಡಮ್ಮ ಇದನ್ನು ಬೆರಳಿಟ್ಟು ಪೂರ್ತಿ ಓದಿದರು. ಬಿಟ್ಟು ಹೋದ ಕಾರಣ ಇದಿರಬಹುದು ಎಂದು ನಾನು ಊಹಿಸಿ ಬರೆದಿದ್ದ ಎರಡು ಸಾಲು ಹೊಡೆದುಹಾಕಿದರು. ಒಂದು ಕಾಗುಣಿತ ತಿದ್ದಿದರು. ಆಮೇಲೆ ಕೊನೆಯ ಹಾಳೆಯ ಅಡಿಯಲ್ಲಿ, ನಿಧಾನವಾಗಿ, ಸಹಿ ಹಾಕಿದರು.